ಅಲ್ಫಾಮಾದ ಓಣಿಗಳು

ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರವು ಟೇಗಸ್ ನದಿಯ ಅಳಿವೆಯ ದಡದಲ್ಲಿ, ಬೆಟ್ಟಗಳ ಮೇಲೆ ಹಬ್ಬಿಕೊಂಡಿದೆ. ಅಲ್ಲಿಯ ಸೇಂಟ್ ಜಾರ್ಜ್ ಕೋಟೆಯಿಂದ ನದಿಯವರೆಗಿನ ಇಳಿಜಾರಿನಲ್ಲಿರುವ ಪುರಾತನ ಕೇರಿಯೇ ಅಲ್ಫಾಮಾ. ಬಿಸಿನೀರಿನ ಬುಗ್ಗೆಗಳನ್ನು ಸೂಚಿಸುವ ಅರಬ್ಬೀ ಪದದಿಂದ ಈ ಹೆಸರು ಬಂದಿದೆ.

1755ರ ನವೆಂಬರ್ 1ರಂದು ಭೀಕರ ಭೂಕಂಪವೊಂದು ಸಂಭವಿಸಿತು. ಅದರ ಬೆನ್ನಲ್ಲೇ ಉಕ್ಕಿಬಂದ ಅಲೆಗಳೂ ಬೆಂಕಿಯೂ ನಗರದ ಬಹುಭಾಗವನ್ನು ನಾಶಗೊಳಿಸಿದವು. ತಗ್ಗಿನ ಬೈಶಾ ಪ್ರದೇಶವನ್ನು ನೇರವಾದ ಬೀದಿಗಳೊಡನೆ ಹೊಸದಾಗಿ ಕಟ್ಟಲಾಯಿತು. ಅಲ್ಫಾಮಾದ ಅಂಕುಡೊಂಕಾದ ಓಣಿಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದವು.

ಆದುದರಿಂದ ಈ ಕೇರಿಯನ್ನು ನೋಡಲು ಕಾಲ್ನಡಿಗೆಯೇ ತಕ್ಕ ಸಾಧನ. ಅನೇಕ ಕಡೆ ಓಣಿಗಳು ವಾಹನಗಳು ನುಗ್ಗಲಾರದಷ್ಟು ಕಿರಿದು. ಕೆಲವೆಡೆ ಮೆಟ್ಟಿಲುಗಳೇ ಬೀದಿಗಳು. ದಾರಿ ತಪ್ಪಿದವನಿಗೆ ಇಳಿಜಾರೇ ದಿಕ್ಸೂಚಿ: ಇಳಿದರೆ ನದಿ, ಏರಿದರೆ ಕೋಟೆ. ಕಿಟಕಿಗಳ ಹೊರಗೆ ಒಗೆದ ಬಟ್ಟೆಗಳು ತೂಗಾಡುತ್ತವೆ. ಸಂಜೆ ಫಾದೋ ಎಂಬ ವಿಷಾದಮಧುರ ಗಾಯನ ಕೇಳಿಬರುತ್ತದೆ. ಜೂನ್ ತಿಂಗಳಲ್ಲಿ ಸಂತ ಆಂತೋನಿಯ ಹಬ್ಬ ಬಂದಾಗ ಕೆಂಡದ ಮೇಲೆ ಸುಡುವ ಬೂತಾಯಿ ಮೀನಿನ ವಾಸನೆ ಓಣಿಗಳನ್ನು ತುಂಬುತ್ತದೆ.

ಈ ಸೊಬಗಿಗೆ ಮನಸೋತ ಪ್ರವಾಸಿಗರು ಇಲ್ಲಿಯ ಮನೆಗಳನ್ನೇ ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದು ತಂಗುತ್ತಾರೆ. ಇಂತಹ ಮನೆಗಳು ಹೆಚ್ಚಿದಂತೆ ಬಾಡಿಗೆಯೂ ಏರಿತು. ಹಳೆಯ ನಿವಾಸಿಗಳಲ್ಲಿ ಅನೇಕರು ಊರ ಬೇರೆ ಭಾಗಗಳಿಗೆ ತೆರಳಬೇಕಾಯಿತು. ಕೊನೆಗೆ 2018ರಲ್ಲಿ ನಗರಾಡಳಿತವು ಅಲ್ಫಾಮಾದಲ್ಲಿ ಹೊಸ ಪ್ರವಾಸಿ ಮನೆಗಳ ನೋಂದಣಿಯನ್ನು ತಡೆಹಿಡಿಯಿತು.

ಭೂಕಂಪಕ್ಕೂ ಅಳಿಯದ ಕೇರಿ ಜನರಿಲ್ಲದೆ ಬರಿದಾಗಬಾರದು. ಪ್ರವಾಸಿ ಕುತೂಹಲದಿಂದ ತುಳಿಯುವ ಮೆಟ್ಟಿಲು ಮತ್ತೊಬ್ಬರ ಮನೆಯಂಗಳ. ಇದನ್ನರಿತು, ಮೆಲ್ಲನೆ ನಡೆಯುವವನೇ ನಿಜವಾದ ಅತಿಥಿ.