ಸಾಕ್ಷಿಗಳ ಸಂಖ್ಯೆ, ಸಾಕ್ಷ್ಯದ ತೂಕ

ಸರ್ಕಾರಿ ಟೆಂಡರುಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಹಲವು ವರ್ಷ ಕುಳಿತವನು ನಾನು. ಬಿಡ್ಡುದಾರರು ಲಗತ್ತಿಸುತ್ತಿದ್ದ ‘ತೃಪ್ತಿಕರ ಸೇವೆ’ಯ ಪ್ರಮಾಣಪತ್ರಗಳ ಒಕ್ಕಣೆ ಬಹುಮಟ್ಟಿಗೆ ಒಂದೇ ಆಗಿರುತ್ತಿತ್ತು. ಅವುಗಳನ್ನು ಎಣಿಸುವುದು ಸುಲಭ, ತೂಗುವುದು ಕಷ್ಟ. ಪತ್ರ ಕೊಟ್ಟ ಅಧಿಕಾರಿಗೆ ದೂರವಾಣಿ ಮಾಡಿ, ‘ಇವರಿಂದ ಮತ್ತೊಮ್ಮೆ ಕೊಳ್ಳುವಿರಾ?’ ಎಂದು ಕೇಳಿದಾಗ ದೊರೆಯುತ್ತಿದ್ದ ಉತ್ತರ, ಕೆಲವೊಮ್ಮೆ ಉತ್ತರಕ್ಕೆ ಮುಂಚಿನ ಮೌನ, ಹತ್ತು ಪತ್ರಗಳಿಗಿಂತ ಹೆಚ್ಚು ಹೇಳುತ್ತಿತ್ತು.

ಇಂದು ತಂತ್ರಾಂಶ ಕಂಪನಿಗಳು ಇದನ್ನೇ ವ್ಯವಸ್ಥಿತವಾಗಿ ನಡೆಸುತ್ತವೆ. ಹಳೆಯ ಗ್ರಾಹಕನು ಹೊಸಬನ ಮುಂದೆ ಕಂಪನಿಯ ಪರವಾಗಿ ಮಾತನಾಡುವ ಈ ಏರ್ಪಾಡಿಗೆ ‘ರೆಫರೆನ್ಸ್ ಪ್ರೋಗ್ರಾಂ’ ಎಂದು ಹೆಸರು. ಹಣ ಒದಗಿಸುವ ಆಡಳಿತ ಮಂಡಳಿ ‘ಫಲವೇನು?’ ಎಂದು ಕೇಳುವುದು ನ್ಯಾಯವೇ. ತೊಡಕಿರುವುದು ಉತ್ತರದಲ್ಲಿ.

ಸುಲಭವಾಗಿ ಕೈಗೆ ಸಿಗುವ ಅಂಕಿ, ಪಟ್ಟಿಯಲ್ಲಿರುವ ಗ್ರಾಹಕರ ಸಂಖ್ಯೆ. ಅದನ್ನೇ ಗುರಿಯಾಗಿಸಿದರೆ ಸಿಬ್ಬಂದಿ ಹೆಸರುಗಳನ್ನು ಸೇರಿಸುತ್ತ ಹೋಗುತ್ತಾರೆ. ರಿಯಾಯಿತಿಯ ಆಸೆಗೆ ಒಪ್ಪಿದವನೂ ಪಟ್ಟಿಗೆ ಬರುತ್ತಾನೆ. ಒಂದು ಅಂಕಿಯನ್ನು ನಿಯಂತ್ರಣಕ್ಕೆ ಬಳಸತೊಡಗಿದೊಡನೆ ಅದು ನಂಬಲರ್ಹತೆ ಕಳೆದುಕೊಳ್ಳುತ್ತದೆ ಎಂಬ ವಿಚಾರವನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲೇ ಹಣಕಾಸು ನೀತಿಯ ಸಂದರ್ಭದಲ್ಲಿ ಮುಂದಿಟ್ಟಿದ್ದರು. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ನೌಕರರು ಮಾರಾಟದ ಗುರಿ ಮುಟ್ಟಲು ಗ್ರಾಹಕರ ಒಪ್ಪಿಗೆಯಿಲ್ಲದೆ ಖಾತೆ ತೆರೆದದ್ದಕ್ಕಾಗಿ 2016ರಲ್ಲಿ ಆ ಬ್ಯಾಂಕು 18.5 ಕೋಟಿ ಡಾಲರ್ ದಂಡ ತೆರಬೇಕಾಯಿತು.

ಎರಡನೆಯ ಅಂಕಿ, ‘ಶಿಫಾರಸಿನಿಂದ ಬಂದ ವ್ಯಾಪಾರ’. ಇದು ಇನ್ನೂ ಮೋಸದ್ದು. ಕೊಳ್ಳುವವನು ಸಾಮಾನ್ಯವಾಗಿ ಬಹುಪಾಲು ಮನಸ್ಸು ಮಾಡಿದ ಮೇಲೆಯೇ ಹಳೆಯ ಗ್ರಾಹಕನೊಡನೆ ಮಾತನಾಡಬಯಸುತ್ತಾನೆ. ಹೇಗೂ ಕೈಗೂಡುತ್ತಿದ್ದ ಒಪ್ಪಂದದ ಪೂರ್ಣ ಮೊತ್ತವನ್ನು ಕಾರ್ಯಕ್ರಮದ ಲೆಕ್ಕಕ್ಕೆ ಬರೆಯುವುದು, ಅಜ್ಜಿಯ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತೆಂದಂತೆ. ಅದೇ ಹಂತ ತಲುಪಿದ, ಆದರೆ ಶಿಫಾರಸು ಬಳಸದ ಒಪ್ಪಂದಗಳೊಡನೆ ಹೋಲಿಸಿದಾಗ ಉಳಿಯುವ ವ್ಯತ್ಯಾಸವನ್ನಷ್ಟೇ ಅದರ ಗಳಿಕೆ ಎನ್ನಬಹುದು.

ನನ್ನ ದೃಷ್ಟಿಯಲ್ಲಿ ಮೂರು ಅಳತೆಗಳು ಸಾಕು: ಕೋರಿಕೆ ಬಂದಾಗ ಸೂಕ್ತ ಗ್ರಾಹಕನನ್ನು ಸಕಾಲದಲ್ಲಿ ಒದಗಿಸಿದ ಪ್ರಮಾಣ, ಒಬ್ಬನೇ ಗ್ರಾಹಕನ ಮೇಲೆ ಬಿದ್ದ ಹೊರೆ, ಹೀಗೆ ಮಾತನಾಡಿದವರಲ್ಲಿ ತಮ್ಮ ಒಪ್ಪಂದವನ್ನು ನವೀಕರಿಸಿದವರೆಷ್ಟು ಎಂಬುದು. ಮೊದಲ ವರ್ಷ ಗುರಿಯೇ ಬೇಡ. ಇರುವ ಸ್ಥಿತಿಯನ್ನು ಅಳೆದಿಟ್ಟುಕೊಂಡರೆ ಎರಡನೆಯ ವರ್ಷದ ಗುರಿಗೆ ಆಧಾರ ದೊರೆಯುತ್ತದೆ. ಹೊರೆಯ ವಿಷಯದಲ್ಲಂತೂ ಬೇಕಾದದ್ದು ಗುರಿಯಲ್ಲ, ಮಿತಿ. ಪದೇ ಪದೇ ಸಾಕ್ಷಿಗೆ ಕರೆದರೆ ಆಪ್ತನೂ ಬೇಸರಗೊಳ್ಳುತ್ತಾನೆ.

ಇದು ಕಂಪನಿಗಳ ಒಳಗಿನ ಲೆಕ್ಕಾಚಾರ ಮಾತ್ರವಲ್ಲ. ಆಸ್ಪತ್ರೆಗಳೂ ಸಹಕಾರಿ ಬ್ಯಾಂಕುಗಳೂ ನಗರಸಭೆಗಳೂ ತಂತ್ರಾಂಶ ಕೊಳ್ಳುವಾಗ ಇಂಥ ಮಾತುಗಳನ್ನು ನಂಬುವುದುಂಟು. ಸಾಕ್ಷ್ಯ ಟೊಳ್ಳಾದರೆ ಬೆಲೆ ತೆರುವವರು ಕೌಂಟರಿನ ಮುಂದೆ ಸಾಲುನಿಂತ ಜನ. ಆದುದರಿಂದ ಕೊಳ್ಳುವ ಸಂಸ್ಥೆಗಳು, ಮಾರುವವನು ಕೊಟ್ಟ ಪಟ್ಟಿಯ ಜೊತೆಗೆ, ಅವನನ್ನು ಬಿಟ್ಟುಹೋದ ಒಬ್ಬ ಗ್ರಾಹಕನ ಹೆಸರನ್ನೂ ಕೇಳುವ ಪದ್ಧತಿ ಬೆಳೆಸಿಕೊಳ್ಳಬೇಕು. ಆ ಹೆಸರನ್ನು ಹಿಂಜರಿಯದೆ ಕೊಡಬಲ್ಲ ಕಂಪನಿಯ ಮಾತಿಗೆ ಹೆಚ್ಚು ಬೆಲೆ.