ರ‍್ಯಾಂಕ್ ಬಂತು, ಸೀಟು ಬರುತ್ತಾ?

ದಾವಣಗೆರೆ: ಸಿಇಟಿ ಫಲಿತಾಂಶ ಬಂದ ವಾರ ಮಂಡಿಪೇಟೆಯಲ್ಲಿ ಮೆಕ್ಕೆಜೋಳದ ರೇಟು ಕೇಳುವವರು ಕಡಿಮೆ, ರ‍್ಯಾಂಕ್ ಕೇಳುವವರೇ ಜಾಸ್ತಿ. ಹರಿಹರದ ಬಸ್ಸಿನಲ್ಲೂ ಅದೇ ಮಾತು.

"ನಿಮ್ ಹುಡುಗಂದು ಎಷ್ಟು ಬಂತ್ರೀ?"

"ನಲವತ್ತೆರಡು ಸಾವಿರ."

"ಸೀಟು ಸಿಗುತ್ತಾ?"

"ಯಾರಿಗ್ ಗೊತ್ತ್ರೀ?"

ಈ "ಯಾರಿಗ್ ಗೊತ್ತು" ಅನ್ನೋ ಮಾತೇ ಕೆಲವರಿಗೆ ಬಂಡವಾಳ. "ಯಜಮಾನ್ರೇ, ಈ ರ‍್ಯಾಂಕಿಗೆ ಸರ್ಕಾರಿ ಸೀಟು ಕನಸಲ್ಲೂ ಇಲ್ಲ. ಮ್ಯಾನೇಜ್‌ಮೆಂಟ್ ಸೀಟು ಎರಡೇ ಉಳಿದಾವೆ, ಇವತ್ತೇ ಅಡ್ವಾನ್ಸ್ ಕಟ್ಟಿಬಿಡಿ" ಅಂತ ಫೋನು ಬರುತ್ತೆ. ತಂದೆ ಹೆದರುತ್ತಾರೆ. ತಾಯಿಯ ಬಳೆ ಗಿರವಿ ಅಂಗಡಿಗೆ ಹೋಗುತ್ತೆ. ಆಮೇಲೆ ಸರ್ಕಾರಿ ಸೀಟೇ ಸಿಕ್ಕಿತು ಅನ್ನಿ, ಕಟ್ಟಿದ ದುಡ್ಡು ವಾಪಸ್ ತರೋಕೆ ಎಷ್ಟು ಸಲ ಅಲೆಯಬೇಕು?

ಹಾಗಾದರೆ ಸೀಟು ಸಿಗುತ್ತೋ ಇಲ್ಲವೋ ಅಂತ ಮೊದಲೇ ಅಂದಾಜು ಮಾಡೋಕಾಗುತ್ತಾ? ಬಹುಮಟ್ಟಿಗೆ ಆಗುತ್ತೆ. ಅದಕ್ಕೆ ಜ್ಯೋತಿಷಿಯೂ ಬೇಡ, ಏಜೆಂಟನೂ ಬೇಡ. ಗಲ್ಲಾಪೆಟ್ಟಿಗೆ ಮುಂದೆ ಕೂತು ದಿನಾ ಮಾಡೋ ಲೆಕ್ಕವೇ ಸಾಕು.

ಅರ್ಧ ಪಿಯುಸಿ, ಅರ್ಧ ಸಿಇಟಿ

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ 300 ಅಂಕ ಒಂದು ಕಡೆ. ಅದೇ ವಿಷಯಗಳ ಸಿಇಟಿಯ 180 ಅಂಕ ಇನ್ನೊಂದು ಕಡೆ. ಎರಡಕ್ಕೂ ಅರ್ಧರ್ಧ ತೂಕ.

ಪಿಯುಸಿಯಲ್ಲಿ 255, ಸಿಇಟಿಯಲ್ಲಿ 90 ಬಂದವನಿಗೆ 42.5 ಮತ್ತು 25, ಕೂಡಿದರೆ 67.5. ಪಿಯುಸಿಯಲ್ಲಿ 270 ಬಂದು ಸಿಇಟಿಯಲ್ಲಿ 60ಕ್ಕೇ ನಿಂತವನಿಗೆ 45 ಮತ್ತು 16.67, ಕೂಡಿದರೆ 61.67. ಓಣಿಯಲ್ಲೆಲ್ಲ ಪೇಡೆ ಹಂಚಿದವನು ಇವನೇ, ಆದರೆ ರ‍್ಯಾಂಕಿನಲ್ಲಿ ಹಿಂದೆ ಬಿದ್ದವನೂ ಇವನೇ. ಲೆಕ್ಕ ಹಾಕಿ ನೋಡಿ, ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಳೆಯುವುದೂ ಇಲ್ಲ.

2025ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಪಡೆದವರೇ ಎರಡೂವರೆ ಲಕ್ಷಕ್ಕೂ ಮೇಲೆ. ಆದ್ದರಿಂದ "ನಲವತ್ತೆರಡು ಸಾವಿರ" ಅಂದ ಕೂಡಲೇ ತಲೆ ಮೇಲೆ ಕೈ ಹೊತ್ತುಕೊಳ್ಳೋದು ಬೇಡ. ಇನ್ನೊಂದು ಮಾತು: ಎಂಜಿನಿಯರಿಂಗಿಗೆ ಒಂದು ರ‍್ಯಾಂಕ್, ಕೃಷಿಗೆ ಒಂದು, ಫಾರ್ಮಸಿಗೆ ಇನ್ನೊಂದು. ಫಾರ್ಮಸಿ ರ‍್ಯಾಂಕ್ ಹಿಡಿದುಕೊಂಡು ಕಂಪ್ಯೂಟರ್ ಸೈನ್ಸ್ ಸೀಟಿನ ಅಂದಾಜು ಕಟ್ಟಬೇಡಿ.

ನಿಮ್ಮ ಸಾಲು ಯಾವುದು?

ಹೋದ ವರ್ಷ ಯಾವ ಕಾಲೇಜಿನ ಯಾವ ವಿಭಾಗದ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅನ್ನೋ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಹಾಕುತ್ತದೆ, ಅದೂ ಬಿಟ್ಟಿ. ನಮ್ಮೂರ ಯುಬಿಡಿಟಿ ಕಾಲೇಜಿನದೂ ಇದೆ, ಬೆಂಗಳೂರು ಕೆ.ಆರ್. ಸರ್ಕಲ್ಲಿನ ಯುವಿಸಿಇಯದೂ ಇದೆ. ಆದರೆ ಬಹಳ ಜನ ಎಡವೋದು ಇಲ್ಲೇ. ಜಿಎಂ ಸಾಲು ನೋಡಿ ಎದೆ ಒಡೆದುಕೊಳ್ಳುತ್ತಾರೆ.

ಎಸ್ಸಿ, ಎಸ್ಟಿ, ಪ್ರವರ್ಗ 1, 2ಎ, 2ಬಿ, 3ಎ, 3ಬಿಗೆ ಬೇರೆ ಬೇರೆ ಸಾಲು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಗ್ರಾಮೀಣ ಕೋಟಾ ಶೇಕಡಾ 15, ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇಕಡಾ 5. ಈ ಸಾಲುಗಳಲ್ಲಿ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಇನ್ನೂ ಕೆಳಗೆ ಇಳಿದಿರುತ್ತೆ. ಮೀಸಲಾತಿ ಇದ್ದವರಿಗೂ ರ‍್ಯಾಂಕ್ ಎಟುಕಿದರೆ ಜಿಎಂ ಸೀಟೇ ಸಿಗುತ್ತೆ.

ಹರಪನಹಳ್ಳಿ ಕಡೆಯವರು ಇನ್ನೊಂದು ಕಾಲಂ ನೋಡಬೇಕು. ನಮ್ಮ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಸೇರಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. 371ಜೆ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಅಲ್ಲಿನವರಿಗೆ ಶೇಕಡಾ 70, ಹೊರಗಿನ ಕಾಲೇಜುಗಳಲ್ಲಿ ಶೇಕಡಾ 8. ಒಂದೇ ಬೆಂಚಿನ ಇಬ್ಬರು ಹುಡುಗರಿಗೆ ಒಂದೇ ರ‍್ಯಾಂಕ್ ಆಸುಪಾಸು ಬಂದರೂ, ಒಬ್ಬನಿಗೆ ಸೀಟು ಸಿಕ್ಕಿ ಇನ್ನೊಬ್ಬನಿಗೆ ಸಿಗದೆ ಇರೋದು ಇದಕ್ಕೇ.

ಆದರೆ ಇದೆಲ್ಲ ಕಾಗದ ಇದ್ದವರಿಗೆ ಮಾತ್ರ. ಜಾತಿ, ಆದಾಯದ ಪ್ರಮಾಣಪತ್ರ ತಹಶೀಲ್ದಾರರದ್ದು. ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಅರ್ಜಿಯಲ್ಲಿ ಕೋಟಾ ಕೇಳದೆ ಬಿಟ್ಟರೆ ಹಕ್ಕು ಇದ್ದೂ ಜಿಎಂ ಸಾಲಿನಲ್ಲೇ ನಿಲ್ಲಬೇಕು.

ಮೂರು ಗುಡ್ಡೆ ಮಾಡಿ

ಒಂದೇ ವರ್ಷದ ಪಟ್ಟಿ ನಂಬಬೇಡಿ, ಎರಡು ಮೂರು ವರ್ಷದ್ದು ನೋಡಿ. ಮೊದಲ ಸುತ್ತಿನದೋ ಕೊನೇ ಸುತ್ತಿನದೋ ಅಂತಲೂ ನೋಡಿಕೊಳ್ಳಿ. ಮೇಲಿನವರು ಬಿಟ್ಟ ಸೀಟು ಕೆಳಗಿನವರಿಗೆ ಬರೋದರಿಂದ ಸುತ್ತು ಮುಂದೆ ಹೋದ ಹಾಗೆ ಕೊನೆಯ ರ‍್ಯಾಂಕೂ ಕೆಳಗೆ ಹೋಗೋದೇ ಹೆಚ್ಚು.

ಮಾತಿಗೆ ಹೀಗಿಟ್ಟುಕೊಳ್ಳಿ. ನಿಮ್ಮ ರ‍್ಯಾಂಕ್ 42,000. ನಿಮ್ಮ ಸಾಲಿನಲ್ಲಿ ಹೋದ ವರ್ಷ 60,000ಕ್ಕೆ ಮುಗಿದ ಸೀಟು "ಸಿಕ್ಕ ಹಾಗೇ" ಗುಡ್ಡೆಗೆ. 43,000ಕ್ಕೆ ಮುಗಿದದ್ದು "ಸಿಗಬಹುದು" ಗುಡ್ಡೆಗೆ. 30,000ಕ್ಕೆ ಮುಗಿದದ್ದು "ಆಸೆ" ಗುಡ್ಡೆಗೆ. ಮೂರರಲ್ಲೂ ಒಂದಷ್ಟು ಇರಲಿ.

ಈ ಅಂದಾಜು ಪೂರಾ ನಿಜ ಆಗಲೇಬೇಕೆಂದಿಲ್ಲ. ಸೀಟಿನ ಸಂಖ್ಯೆಯೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. 2024ರಲ್ಲಿ ಯುಬಿಡಿಟಿಯ ಅರ್ಧ ಸೀಟುಗಳಿಗೆ ಹೆಚ್ಚು ಶುಲ್ಕದ ಕೋಟಾ ತಂದಾಗ ವಿದ್ಯಾರ್ಥಿಗಳು ಬೀದಿಗಿಳಿದದ್ದು ಊರಿಗೇ ಗೊತ್ತು. ಕಡಿಮೆ ಶುಲ್ಕದ ಸೀಟು ಕಡಿಮೆ ಆದರೆ ಹಳೇ ಪಟ್ಟಿಯ ಲೆಕ್ಕವೂ ತಪ್ಪುತ್ತೆ. ಆದ್ದರಿಂದ ಆ ವರ್ಷದ ಸೀಟು ಎಷ್ಟು ಅಂತ ಮೊದಲು ನೋಡಬೇಕು.

ಆಸೆ ಮೇಲೆ, ಭಯ ಕೆಳಗೆ

ಆಯ್ಕೆ ಬರೆಯುವಾಗ ನಮ್ಮವರು ಮಾಡೋ ದೊಡ್ಡ ತಪ್ಪು, "ಸಿಗೋದನ್ನೇ ಮೊದಲು ಬರಿ" ಅನ್ನೋದು. ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತೆ. ನಿಮ್ಮ ರ‍್ಯಾಂಕಿಗೆ ಎಟುಕುವ ಮೊದಲ ಸೀಟು ಕೊಟ್ಟು ಅಲ್ಲೇ ನಿಲ್ಲುತ್ತೆ. ಆಸೆಯ ಕಾಲೇಜು ಮೇಲೆ ಬರೆದರೆ ಕೆಳಗಿನದಕ್ಕೆ ಒಂದು ಗುಲಗಂಜಿಯಷ್ಟೂ ನಷ್ಟವಿಲ್ಲ. ಹೆದರಿ ಸುಲಭದ್ದು ಮೇಲೆ ಬರೆದರೆ ಅದೇ ಕೊರಳಿಗೆ ಬೀಳುತ್ತೆ.

ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಬರುತ್ತೆ. ಸಂತೆಗೆ ಹೋಗಿ ಕೊಳ್ಳದೆ ರೇಟು ಕೇಳಿ ಬಂದ ಹಾಗೆ ಅದು. ಅದನ್ನು ನೋಡಿ ಪಟ್ಟಿ ತಿದ್ದಬಹುದು. ಆದರೆ ಬೇರೆಯವರೂ ತಿದ್ದುತ್ತಾರೆ ಅನ್ನೋದು ನೆನಪಿರಲಿ. ಅಣಕಿನಲ್ಲಿ ಸೀಟು ಬರಲಿಲ್ಲ ಅಂತ ಅಡ್ವಾನ್ಸ್ ಕಟ್ಟೋಕೆ ಓಡಬೇಡಿ, ಬಂತು ಅಂತ ಮೈಮರೆಯಲೂ ಬೇಡಿ. ಸೀಟು ಬಂದ ಮೇಲೂ, ಅದನ್ನು ಇಟ್ಟುಕೊಂಡೇ ಇನ್ನೂ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ಕಾಯುವ ಆಯ್ಕೆ ಇದೆ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಸೀಟು ಸಿಗೋದಿಲ್ಲ. ಆಗ ಮ್ಯಾನೇಜ್‌ಮೆಂಟ್ ಸೀಟೋ, ಡಿಪ್ಲೊಮಾನೋ, ಬಿ.ಎಸ್ಸಿಯೋ, ಮನೆಯವರು ಕೂತು ತೀರ್ಮಾನ ಮಾಡಲಿ. ಆದರೆ ಲೆಕ್ಕ ಹಾಕಿದ ಮೇಲೆ ಮಾಡಲಿ. ಅಂಗಡಿಗೆ ಹತ್ತು ಮೂಟೆ ಅಕ್ಕಿ ತರಿಸೋಕೆ ನಾಲ್ಕು ಮಂಡಿ ವಿಚಾರಿಸೋ ಸಾವ್ಕಾರ್ರು, ಮಗನ ನಾಲ್ಕು ವರ್ಷದ ಓದಿಗೆ ಒಂದೇ ಫೋನಿನ ಮಾತು ನಂಬಿ ಲಕ್ಷ ಎಣಿಸೋದು ಯಾವ ವ್ಯಾಪಾರ?