ವೈ-ಫೈ ಅಡಾಪ್ಟರ್‌ನ ಭದ್ರತಾ ಸೆಟ್ಟಿಂಗ್‌ಗಳು

ವೈ-ಫೈ ಅಡಾಪ್ಟರ್ ಎಂಬುದು ಗಣಕಯಂತ್ರವನ್ನು ತಂತಿಯಿಲ್ಲದೆ ಜಾಲಕ್ಕೆ ಸೇರಿಸುವ ಯಂತ್ರಾಂಶ. ಲ್ಯಾಪ್‌ಟಾಪ್‌ಗಳಲ್ಲಿ ಇದು ಒಳಗೇ ಇರುತ್ತದೆ. ಹಳೆಯ ಗಣಕಗಳಿಗೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಾಧನವಾಗಿ ದೊರೆಯುತ್ತದೆ. ಯಾವ ಜಾಲವನ್ನು ನಂಬಬೇಕು, ಯಾವ ಗೂಢಲಿಪಿಯಲ್ಲಿ ವ್ಯವಹರಿಸಬೇಕು, ಯಾವ ಕೀಲಿಯನ್ನು ಬಳಸಬೇಕು ಎಂದು ಅದಕ್ಕೆ ತಿಳಿಸುವ ಆಯ್ಕೆಗಳೇ ಭದ್ರತಾ ಸೆಟ್ಟಿಂಗ್‌ಗಳು. ರೂಟರ್‌ನ ಪಾಸ್‌ವರ್ಡಿನ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಅಡಾಪ್ಟರ್‌ನ ಬದಿ ಮಾತ್ರ ಸಾಮಾನ್ಯವಾಗಿ ಅಲಕ್ಷ್ಯಕ್ಕೆ ಒಳಗಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯು 2005ರಲ್ಲಿ ಪರವಾನಗಿಯಿಂದ ಮುಕ್ತವಾಯಿತು. ಮನೆಮನೆಗೆ ವೈ-ಫೈ ಬರಲು ಇದು ದಾರಿಮಾಡಿತು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಸಂಬಂಧಿಸಿದ ಬೆದರಿಕೆಯ ಮಿಂಚಂಚೆಯನ್ನು ನವಿ ಮುಂಬಯಿಯ ಮನೆಯೊಂದರ ವೈ-ಫೈ ಮೂಲಕ ಕಳುಹಿಸಲಾಗಿತ್ತು. ತನಿಖೆ ಮೊದಲು ತಲುಪಿದ್ದು ಆ ಮನೆಯ ಬಾಡಿಗೆದಾರರನ್ನು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈನ ಸುರಕ್ಷಿತ ಬಳಕೆಯ ಕುರಿತು ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಭದ್ರತೆಯ ಬಗೆಗಳು

ವಿಂಡೋಸ್‌ನಲ್ಲಿ ಜಾಲವೊಂದನ್ನು ಕೈಯಾರೆ ಸೇರಿಸುವಾಗ ‘ಸೆಕ್ಯುರಿಟಿ ಟೈಪ್’ ಹಾಗೂ ‘ಎನ್‌ಕ್ರಿಪ್ಶನ್ ಟೈಪ್’ ಎಂಬ ಆಯ್ಕೆಗಳು ಕಾಣುತ್ತವೆ. ಇವು ರೂಟರ್‌ನಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಸಿಗದು.

ಡಬ್ಲ್ಯುಇಪಿ 1997ರ ಮೂಲ ಮಾನದಂಡದ ಭಾಗವಾಗಿತ್ತು. ಫ್ಲೂರರ್, ಮಾಂಟಿನ್ ಮತ್ತು ಶಮೀರ್ 2001ರಲ್ಲಿ ಅದರ ಮೂಲದ ದೌರ್ಬಲ್ಯವನ್ನು ತೋರಿಸಿದರು. ಇಂದು ಅದು ಇದ್ದೂ ಇಲ್ಲದ ಬೀಗ. 2003ರ ಡಬ್ಲ್ಯುಪಿಎ ತಾತ್ಕಾಲಿಕ ಪರಿಹಾರವಾಗಿತ್ತು. 2004ರಲ್ಲಿ ಬಂದ ಡಬ್ಲ್ಯುಪಿಎ2 ಎಇಎಸ್ ಗೂಢಲಿಪಿಯನ್ನು ತಂದಿತು. 2018ರಲ್ಲಿ ಡಬ್ಲ್ಯುಪಿಎ3 ಪ್ರಕಟವಾಯಿತು. ಅಡಾಪ್ಟರ್ ಬೆಂಬಲಿಸಿದರೆ ಡಬ್ಲ್ಯುಪಿಎ3, ಇಲ್ಲವಾದರೆ ಎಇಎಸ್ ಸಹಿತ ಡಬ್ಲ್ಯುಪಿಎ2 ಆರಿಸುವುದು ಸೂಕ್ತ. ಹಳೆಯ ಟಿಕೆಐಪಿಯನ್ನು ಆರಿಸಿದರೆ ಭದ್ರತೆ ಕುಗ್ಗುವುದಲ್ಲದೆ ವೇಗವೂ ಸೆಕೆಂಡಿಗೆ 54 ಮೆಗಾಬಿಟ್ ಮೀರುವುದಿಲ್ಲ. ಜಾಲ ನಿಧಾನವಾಗಿದೆ ಎಂದು ಹೊಸ ರೂಟರ್ ಕೊಳ್ಳುವ ಮುನ್ನ ಇದನ್ನೊಮ್ಮೆ ನೋಡಬಹುದು.

ಹಂಚಿಕೆಯ ಪಾಸ್‌ವರ್ಡ್

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಮೇಲಿರುವ ಮಾರತ್ತಹಳ್ಳಿಯಲ್ಲಿ ತಂತ್ರಾಂಶ ನೌಕರರು ಹಾಗೂ ಉದ್ಯೋಗಾರ್ಥಿಗಳು ತಂಗುವ ಪಿ.ಜಿ. ವಸತಿಗಳು ದಟ್ಟವಾಗಿವೆ. ಇಂಥ ವಸತಿಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಪಾಸ್‌ವರ್ಡ್ ಇರುವುದು, ಅದನ್ನು ಗೋಡೆಗೆ ಅಂಟಿಸಿರುವುದು ಸಾಮಾನ್ಯ. ಡಬ್ಲ್ಯುಪಿಎ2ರ ವೈಯಕ್ತಿಕ ಬಗೆಯಲ್ಲಿ ಮೂಲ ಕೀಲಿಯು ಪಾಸ್‌ವರ್ಡ್ ಮತ್ತು ಜಾಲದ ಹೆಸರು ಇವೆರಡರಿಂದಲೇ ಹುಟ್ಟುತ್ತದೆ. ಆದ್ದರಿಂದ ಪಾಸ್‌ವರ್ಡ್ ಬಲ್ಲ ನೆರೆಕೋಣೆಯವರು, ನಿಮ್ಮ ಅಡಾಪ್ಟರ್ ಜಾಲಕ್ಕೆ ಸೇರುವ ಕ್ಷಣದ ಸಂದೇಶ ವಿನಿಮಯವನ್ನು ಸೆರೆಹಿಡಿದರೆ, ಗಾಳಿಯಲ್ಲಿ ಹರಿಯುವ ನಿಮ್ಮ ದತ್ತಾಂಶದ ಆ ಗೂಢಲಿಪಿಯನ್ನು ಬಿಡಿಸಬಲ್ಲರು. ಬ್ಯಾಂಕಿನಂಥ ಜಾಲತಾಣಗಳ ಸ್ವಂತ ಗೂಢಲಿಪಿ ಆಗಲೂ ಉಳಿಯುತ್ತದೆ. ಆದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಬಹುಮಟ್ಟಿಗೆ ಬಯಲಾಗುತ್ತದೆ. ಡಬ್ಲ್ಯುಪಿಎ3ರಲ್ಲಿ ಪಾಸ್‌ವರ್ಡ್ ತಿಳಿದ ಮಾತ್ರಕ್ಕೆ ಹೀಗೆ ಕದ್ದಾಲಿಸಲಾಗದು. ಕೋಣೆ ಖಾಲಿಮಾಡಿ ಹೋದವರಿಗೂ ಹಳೆಯ ಪಾಸ್‌ವರ್ಡ್ ನೆನಪಿರುತ್ತದೆ ಎಂಬುದನ್ನು ಮಾಲೀಕರು ಮರೆಯುತ್ತಾರೆ.

ಹಂಚಿಕೆಯ ಜಾಲದಲ್ಲಿ ವಿಂಡೋಸ್ ಬಳಕೆದಾರರು ಜಾಲದ ಪ್ರೊಫೈಲನ್ನು ‘ಪಬ್ಲಿಕ್’ ಎಂದು ಇಡಬೇಕು. ಆಗ ಗಣಕವು ಇತರ ಸಾಧನಗಳಿಗೆ ಸುಲಭವಾಗಿ ಗೋಚರಿಸದು.

ಕಂಪನಿಗಳ ಜಾಲ

ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಎಂಟರ್‌ಪ್ರೈಸ್’ ಬಗೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತು ಇರುತ್ತದೆ. ಇಲ್ಲಿ ಸರ್ವರ್‌ನ ಪ್ರಮಾಣಪತ್ರವನ್ನು ಪರಿಶೀಲಿಸುವ ಆಯ್ಕೆಯನ್ನು ಎಂದೂ ತೆಗೆಯಬಾರದು. ತೆಗೆದರೆ, ಅದೇ ಹೆಸರಿನ ನಕಲಿ ಜಾಲವನ್ನು ಯಾರಾದರೂ ಹತ್ತಿರದಲ್ಲಿ ತೆರೆದಾಗ ಅಡಾಪ್ಟರ್ ಕಚೇರಿಯ ಲಾಗಿನ್ ವಿವರಗಳನ್ನು ಅದರ ಮುಂದಿಡುತ್ತದೆ. ‘ಸಂಪರ್ಕ ಬೇಗ ಸಿಗಲಿ’ ಎಂದು ಈ ಆಯ್ಕೆಯನ್ನು ತೆಗೆಯುವ ಸಲಹೆ ಆಗಾಗ ಕೇಳಿಬರುತ್ತದೆ. ಅದು ಕೆಟ್ಟ ಸಲಹೆ.

ನೆನಪಿನ ಜಾಲಗಳು ಮತ್ತು ಚಾಲಕ ತಂತ್ರಾಂಶ

ಅಡಾಪ್ಟರ್ ಜಾಲವನ್ನು ಗುರುತಿಸುವುದು ಮುಖ್ಯವಾಗಿ ಹೆಸರಿನಿಂದ ಮತ್ತು ಭದ್ರತೆಯ ಬಗೆಯಿಂದ. ಬೆಂಗಳೂರಿನ ಎಂ.ಜಿ. ರಸ್ತೆ ಮೊದಲಾದೆಡೆ 2014ರಲ್ಲಿ ಉಚಿತ ಸಾರ್ವಜನಿಕ ವೈ-ಫೈ ಆರಂಭವಾದ ಬಳಿಕ ಇಂಥ ಜಾಲಗಳು ಜನರಿಗೆ ಪರಿಚಿತವಾದವು. ಮೊಬೈಲಿಗೆ ಬಂದ ಸಂಕೇತವನ್ನು ನಮೂದಿಸಿದರೆ ಬಳಕೆಗೆ ಅನುಮತಿ ಸಿಗುತ್ತದೆಯೇ ಹೊರತು ಗಾಳಿಯಲ್ಲಿನ ದತ್ತಾಂಶ ಗೂಢಲಿಪಿಗೆ ಬದಲಾಗುವುದಿಲ್ಲ. ಬೀಗವಿಲ್ಲದ ಜಾಲಗಳಿಗೆ ‘ತಾನಾಗಿ ಸೇರು’ ಎಂಬ ಆಯ್ಕೆಯನ್ನು ತೆಗೆದು, ಬಳಸಿದ ನಂತರ ‘ಫರ್ಗೆಟ್’ ಒತ್ತುವುದು ಒಳ್ಳೆಯದು. ಹೆಸರು ಮರೆಮಾಚಿದ ಜಾಲದಿಂದ ಭದ್ರತೆ ಹೆಚ್ಚುವುದಿಲ್ಲ. ಅಂಥ ಜಾಲಕ್ಕೆ ಹೊಂದಿಸಿದ ಅಡಾಪ್ಟರ್ ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಹುಡುಕಬೇಕಾಗುತ್ತದೆ.

2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ಪ್ರಕಟಿಸಿದ ‘ಕ್ರ್ಯಾಕ್’ ದಾಳಿಯು ಮುಖ್ಯವಾಗಿ ಜಾಲಕ್ಕೆ ಸೇರುವ ಸಾಧನಗಳ ದೋಷವನ್ನು ಬಳಸಿಕೊಂಡಿತ್ತು. ಪಾಸ್‌ವರ್ಡ್ ಬದಲಿಸಿದರೆ ಅದು ನೀಗುತ್ತಿರಲಿಲ್ಲ. ಕಾರ್ಯಾಚರಣ ವ್ಯವಸ್ಥೆಯನ್ನೂ ಅಡಾಪ್ಟರ್‌ನ ಚಾಲಕ ತಂತ್ರಾಂಶವನ್ನೂ ನವೀಕರಿಸಬೇಕಿತ್ತು. ತಯಾರಕರು ನವೀಕರಣ ನಿಲ್ಲಿಸಿರುವ ಹಳೆಯ ಯುಎಸ್‌ಬಿ ಅಡಾಪ್ಟರ್‌ಗಳನ್ನು ಬದಲಿಸುವುದೊಂದೇ ಉಳಿದಿರುವ ದಾರಿ.